ಮೂರು ನಕ್ಷತ್ರ ಕಂಡ ಮೇಲೆ ಶುರುವಾದ ಉಪನ್ಯಾಸ: ಟಿಳಕವಾಡಿಯಲ್ಲಿ ಕೊಚ್ಚಿಯ ವಕೀಲ ಸೇಲಂ

ಬೆಳಗಾವಿಯ ಟಿಳಕವಾಡಿಯ ಒಂದು ಖಾಸಗಿ ವಾಚನಾಲಯದವರು ಕಳೆದ ಚಳಿಗಾಲದಲ್ಲಿ ನಾಲ್ಕು ಶನಿವಾರಗಳ ಉಪನ್ಯಾಸ ಮಾಲಿಕೆಯೊಂದನ್ನು ಏರ್ಪಡಿಸಿದ್ದರು. ವಕೀಲಿ ವೃತ್ತಿಯಿಂದ ರಾಜಕಾರಣಕ್ಕೆ ಬಂದ ನಾಲ್ವರ ಜೀವನ, ಒಬ್ಬೊಬ್ಬರಿಗೆ ಒಂದೊಂದು ಸಂಜೆ. ನಾಲ್ಕಕ್ಕೂ ಸೇರಿ 600 ರೂಪಾಯಿ ಶುಲ್ಕ, ಅದರಲ್ಲಿಯೇ ಪ್ರತಿ ಉಪನ್ಯಾಸಕ್ಕೊಂದು ಕಿರುಹೊತ್ತಿಗೆ, ಚಹಾ ಮತ್ತು ತಿನಿಸು. ಮೊದಲೆರಡು ಸಂಜೆಗಳ ವಿಷಯ ನಮ್ಮ ಭಾಗದವರೆಲ್ಲ ಶಾಲೆಯಲ್ಲಿ ಓದಿದ್ದೇ ಆದ್ದರಿಂದ ಅವುಗಳ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ, ನಾಲ್ಕನೆಯದಕ್ಕೆ ನಾನು ಊರಲ್ಲಿರಲಿಲ್ಲ. ಮೂರನೆಯ ಸಂಜೆ ಮಾತ್ರ ಕೊಟ್ಟ ಹಣಕ್ಕೆ ಮೀರಿದ್ದು ಎನ್ನಿಸಿದ್ದರಿಂದ ಈ ವಿಮರ್ಶೆ. ಸಂಘಟಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮೆಚ್ಚುಗೆಯ ಜೊತೆಗೆ ಕೆಲವು ತಕರಾರುಗಳೂ ಇರುವುದರಿಂದ, ಕೈಯಿಂದ ಹಣ ಹಾಕಿ ನಡೆಸುವ ಸಣ್ಣ ಪ್ರಯತ್ನವೊಂದಕ್ಕೆ ಅವು ಅಂಟಿಕೊಳ್ಳುವುದು ಬೇಡ.

ಬೆಳಗಾವಿಯ ನ್ಯಾಯಾಲಯಗಳಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿ, ಕೊನೆಗೆ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ವಕೀಲರ ಬದುಕು ಎಂದರೆ ಕಪ್ಪು ಕೋಟು ಮತ್ತು ಗಟ್ಟಿ ದನಿ ಎಂದು ತಿಳಿಯುವ ವಯಸ್ಸು ದಾಟಿದ್ದೇನೆ. ಆದ್ದರಿಂದ ನನ್ನ ಅಳತೆಗೋಲು ಸ್ವಲ್ಪ ಬೇರೆ: ಉಪನ್ಯಾಸಕರು ಕಥೆ ಎಷ್ಟು ಚೆನ್ನಾಗಿ ಹೇಳಿದರು ಎನ್ನುವುದಕ್ಕಿಂತ ಕಾಗದಪತ್ರ ಎಷ್ಟನ್ನು ಮುಂದಿಟ್ಟರು, ಅದರಿಂದ ಎಷ್ಟು ಸಾಬೀತಾಯಿತು ಎಂದು ನೋಡುವ ಚಟ ಹೋಗಿಲ್ಲ.

ಗೋಡೆಗೆ ಅಂಟಿಸಿದ್ದ ಭಿತ್ತಿಪತ್ರದಲ್ಲಿ 'ವಕೀಲ ಸೇಲಂ' ಎಂದಷ್ಟೇ ದಪ್ಪ ಅಕ್ಷರದಲ್ಲಿತ್ತು. ಇದರಿಂದಾದ ಗೊಂದಲ ಸಣ್ಣದಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯ ವಕೀಲರೊಬ್ಬರು ತಮಿಳುನಾಡಿನ ಸೇಲಂ ಊರಿನ ವಿಜಯರಾಘವಾಚಾರ್ಯರ ಬಗ್ಗೆ, ಅಂದರೆ 1920ರ ನಾಗಪುರ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರ ಬಗ್ಗೆ, ಮನೆಯಲ್ಲಿ ಓದಿಕೊಂಡೇ ಬಂದಿದ್ದರು. ಸಂಜೆಯ ನಾಯಕ ಆ ಊರಿನವರಲ್ಲ, ಕೊಚ್ಚಿಯ ಯೆಹೂದಿ ವಕೀಲ ಅಬ್ರಹಾಂ ಬರಾಕ್ ಸೇಲಂ ಎಂದು ತಿಳಿದಾಗ, "ಇದೊಂದು ಛಲೋ ಆತು, ಗೊತ್ತಿದ್ದದ್ದ ಮತ್ತ ಕೇಳೂದು ತಪ್ಪಿತು" ಎಂದು ತಮ್ಮ ಟಿಪ್ಪಣಿ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟರು. ಪೂರ್ತಿ ಹೆಸರನ್ನೋ ಊರನ್ನೋ ಮುದ್ರಿಸಿದ್ದರೆ ಈ ಪ್ರಮಾದ ಆಗುತ್ತಿರಲಿಲ್ಲ.

ಟಿಕೆಟ್ಟಿನಲ್ಲಿ ಸಂಜೆ 5.30 ಎಂದಿತ್ತು. ನಿವೃತ್ತ ಇತಿಹಾಸ ಪ್ರಾಧ್ಯಾಪಕರಾದ ಉಪನ್ಯಾಸಕರು ಐದೂಕಾಲಿಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರೂ ಮಾತು ಶುರು ಮಾಡಲಿಲ್ಲ. ಆರು ಗಂಟೆಯಾಯಿತು, ಹೊತ್ತು ಮುಳುಗಿತು, ಸಂಘಟಕರು ಮುಖ ಮುಖ ನೋಡಿಕೊಂಡರು. ಆರೂವರೆಯ ಹತ್ತಿರ ಅವರು ಎದ್ದು ಮಾಳಿಗೆಯ ಮೇಲೆ ಹೋಗಿ, ಎರಡು ನಿಮಿಷ ಬಿಟ್ಟು ಇಳಿದು ಬಂದು, "ಮೂರು ನಕ್ಷತ್ರ ಕಂಡವು, ಇನ್ನು ಮಾತಾಡಬಹುದು" ಎಂದರು. ಯೆಹೂದಿಗಳ ಸಬ್ಬತ್ತು ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲ್ಗೊಂಡು ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಇರುತ್ತದೆ; ಅಷ್ಟರವರೆಗೆ ಧರ್ಮನಿಷ್ಠರು ಬೆಂಕಿ ಹೊತ್ತಿಸುವುದಿಲ್ಲ, ಬರೆಯುವುದಿಲ್ಲ, ವ್ಯವಹಾರ ಮಾಡುವುದಿಲ್ಲ. ಅಂಥವರೊಬ್ಬರ ಕಥೆಯನ್ನು ಶನಿವಾರದ ಹಗಲಿನಲ್ಲಿ ಹಣ ಪಡೆದು ಹೇಳುವುದು ತಮಗೆ ಒಗ್ಗದು ಎಂಬುದು ಅವರ ವಿವರಣೆ. ಚೆಂದದ ಮಾತು, ನಾನೂ ತಲೆದೂಗಿದೆ. ಆದರೆ ಅದನ್ನು ಟಿಕೆಟ್ಟಿನಲ್ಲಿ ಮುದ್ರಿಸಿದ್ದರೆ ನಲವತ್ತು ಜನ ಒಂದು ತಾಸು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೆನ್ನು ನೋಯಿಸಿಕೊಳ್ಳುವುದು ತಪ್ಪುತ್ತಿತ್ತು. ಕಾವಲುಗಾರ ಎಂಟೂವರೆಗೆ ಬಾಗಿಲು ಹಾಕುವ ಸಭಾಗೃಹದಲ್ಲಿ ಒಂದು ತಾಸು ಕಳೆದುಕೊಂಡದ್ದರ ಪರಿಣಾಮ ಕೊನೆಯಲ್ಲಿ ಕಾಣಿಸಿಕೊಂಡಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಭಾಗ ಕೇರಳದ ಯೆಹೂದಿಗಳ ಪೂರ್ವೇತಿಹಾಸ. ಬೈಬಲ್ಲಿನ ಸೊಲೊಮನ್ ರಾಜನ ಹಡಗುಗಳು, ನವಿಲು, ದಂತ, ಗಂಧದ ಕಟ್ಟಿಗೆ ಎಂದು ಉಪನ್ಯಾಸಕರು ಪೂರಾ ಅರ್ಧ ಗಂಟೆ ತೆಗೆದುಕೊಂಡರು. ಇದು ಕೇಳಲು ಇಂಪಾಗಿದ್ದರೂ ರುಜುವಾತಿನ ದೃಷ್ಟಿಯಿಂದ ತೂಕ ಕಡಿಮೆಯದು, ಮತ್ತು ಸೇಲಂ ಅವರ ಬದುಕಿಗೂ ಅದಕ್ಕೂ ಸಂಬಂಧ ತೀರ ದೂರದ್ದು. ಅದಾದ ನಂತರ ತೋರಿಸಿದ ತಾಮ್ರಶಾಸನದ ಚಿತ್ರ ಮಾತ್ರ ಎಲ್ಲರನ್ನೂ ನೆಟ್ಟಗೆ ಕೂರಿಸಿತು. ಕ್ರಿ.ಶ. 1000ದ ಸುಮಾರಿಗೆ ಚೇರ ರಾಜ ಭಾಸ್ಕರ ರವಿ ಜೋಸೆಫ್ ರಬ್ಬಾನ್ ಎಂಬ ಯೆಹೂದಿ ಮುಖಂಡನಿಗೆ ಎಪ್ಪತ್ತೆರಡು ಹಕ್ಕುಗಳನ್ನು ಕೊಟ್ಟು ವಟ್ಟೆಳುತ್ತು ಲಿಪಿಯಲ್ಲಿ ಬರೆಯಿಸಿದ ಸನದು ಅದು: ಪಲ್ಲಕ್ಕಿ, ಛತ್ರಿ, ಹಗಲು ದೀವಟಿಗೆ, ತೆರಿಗೆ ವಿನಾಯಿತಿ, ಅದೂ ವಂಶಪಾರಂಪರ್ಯವಾಗಿ. ಇನಾಮು ಸನದುಗಳ ಮೇಲೆ ಮೂರು ತಲೆಮಾರು ದಾವೆ ಹೂಡುವುದನ್ನು ಕಂಡ ಊರು ನಮ್ಮದು. ತಾಮ್ರದ ಮೇಲೆ ಕೊರೆದ ಹಕ್ಕು ಎಂದರೇನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಭಾಗದಲ್ಲಿ ಕೊಂಕಣದ ಬೆನೆ ಇಸ್ರೇಲಿಗಳ ಪ್ರಸ್ತಾಪವೂ ಬಂತು. ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದ ಅವರು ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ' ಎಂದು ಕರೆಯುತ್ತಿದ್ದರಂತೆ. ಮರಾಠಿ ಬಲ್ಲ ಸಭೆಯಲ್ಲಿ ಈ ಹೆಸರಿಗೆ ಒಳ್ಳೆಯ ನಗು ಬಂತು.

ಸಂಜೆಯ ನಿಜವಾದ ಸತ್ವ ಇದ್ದದ್ದು ಎರಡನೆಯ ಭಾಗದಲ್ಲಿ. ಕೊಚ್ಚಿಯ ಯೆಹೂದಿಗಳೆಲ್ಲ ಒಂದೇ ಗುಂಪಲ್ಲ. ಬಹು ಹಿಂದಿನಿಂದ ನೆಲೆಸಿದ, ಸಂಖ್ಯೆಯಲ್ಲಿಯೂ ಹೆಚ್ಚಾಗಿದ್ದ ಮಲಬಾರಿ ಯೆಹೂದಿಗಳು ಒಂದು ಕಡೆ. ಸ್ಪೇನಿನಿಂದ, ಪಶ್ಚಿಮ ಏಷ್ಯಾದಿಂದ ಹದಿನಾರನೆಯ ಶತಮಾನದ ಆಚೀಚೆ ಬಂದ, ವ್ಯಾಪಾರದಲ್ಲಿ ಮೇಲೆದ್ದ ಪರದೇಶಿ ಯೆಹೂದಿಗಳು ಇನ್ನೊಂದು ಕಡೆ. ಮಟ್ಟಾಂಚೇರಿ ಅರಮನೆಯ ಮಗ್ಗುಲಲ್ಲಿ 1568ರಲ್ಲಿ ಕಟ್ಟಿದ ಪ್ರಾರ್ಥನಾಲಯ ಈ ಪರದೇಶಿಗಳದು. ಅದರ ಆಸರೆಯಲ್ಲಿಯೇ ಮೂರನೆಯ ಗುಂಪೊಂದಿತ್ತು. ಹೀಬ್ರೂ ಭಾಷೆಯಲ್ಲಿ ಅವರಿಗೆ ಮೆಶುಹ್ರಾರಿಂ ಎಂದು ಹೆಸರು, ಅಂದರೆ ಬಿಡುಗಡೆ ಹೊಂದಿದವರು. ಯೆಹೂದಿ ಮನೆಗಳಲ್ಲಿ ದಾಸರಾಗಿದ್ದು, ಧರ್ಮ ಸ್ವೀಕರಿಸಿ ಬಿಡುಗಡೆಯಾದವರ ಸಂತತಿ. ಬಿಡುಗಡೆ ಹೆಸರಿನಲ್ಲಿ ಮಾತ್ರ. ಪ್ರಾರ್ಥನಾಲಯದಲ್ಲಿ ಅವರಿಗೆ ಪೀಠವಿಲ್ಲ, ಹೊರಕೋಣೆಯ ನೆಲದ ಮೇಲೋ ಮೆಟ್ಟಿಲ ಮೇಲೋ ಕೂರಬೇಕು. ಯೆಹೂದಿಗಳ ಪವಿತ್ರ ಗ್ರಂಥವಾದ ತೋರಾವನ್ನು ಸಭೆಯ ಮುಂದೆ ಓದಲು ಅವರನ್ನು ಕರೆಯುವುದಿಲ್ಲ. ಪರದೇಶಿ ಮನೆತನದೊಡನೆ ಹೆಣ್ಣು ಕೊಟ್ಟು ತರುವ ಮಾತಂತೂ ಇಲ್ಲವೇ ಇಲ್ಲ. 1882ರಲ್ಲಿ ಹುಟ್ಟಿದ ಸೇಲಂ ಈ ಗುಂಪಿನವರು. ತಾಯಿಯ ದುಡಿಮೆಯಲ್ಲಿ ಬೆಳೆದು, ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಓದಿ, ಮದ್ರಾಸಿನಲ್ಲಿ ಪದವಿಯನ್ನೂ ಕಾನೂನನ್ನೂ ಮುಗಿಸಿ ಬಂದರು. ಆ ಗುಂಪಿನಲ್ಲಿ ವಕೀಲರಾದ ಮೊದಲಿಗರು ಅವರೇ. ನ್ಯಾಯಾಲಯದಲ್ಲಿ ಎದ್ದು ನಿಂತು ಇನ್ನೊಬ್ಬರ ಹಕ್ಕಿಗಾಗಿ ವಾದಿಸುವ ಮನುಷ್ಯ ತನ್ನ ದೇವರ ಮನೆಯಲ್ಲಿ ಬಾಗಿಲ ಹೊರಗಿನ ನೆಲದ ಮೇಲೆ ಕೂರಬೇಕಾದ ಪರಿಸ್ಥಿತಿಯನ್ನು ಉಪನ್ಯಾಸಕರು ಉದ್ವೇಗವಿಲ್ಲದೆ, ಒಂದು ನಕಾಶೆಯನ್ನು ಬರೆದು, ಇಲ್ಲಿ ಗರ್ಭ, ಇಲ್ಲಿ ಹೊರಕೋಣೆ, ಇಲ್ಲಿ ಮೆಟ್ಟಿಲು ಎಂದು ಕೋಲಿನಿಂದ ತೋರಿಸುತ್ತ ಹೇಳಿದರು. ಸುಣ್ಣದ ಕಡ್ಡಿಯಿಂದ ಬರೆದ ಆ ನಾಲ್ಕು ಗೆರೆಗಳ ಮುಂದೆ ಆಮೇಲೆ ತೋರಿಸಿದ ಬಣ್ಣದ ಚಿತ್ರಗಳೆಲ್ಲ ಸಪ್ಪೆ ಎನಿಸಿದವು.

ನನ್ನಂಥವನ ಕಿವಿ ನಿಮಿರಿದ್ದು ಮುಂದಿನ ಮಾತಿಗೆ. ಈ ವ್ಯಾಜ್ಯ ಸೇಲಂ ಕಾಲದ್ದಲ್ಲ. ಹದಿನಾರನೆಯ ಶತಮಾನದಲ್ಲಿಯೇ ಕೊಚ್ಚಿಯಿಂದ ಈ ವಿಷಯವಾಗಿ ಈಜಿಪ್ಟಿನ ಕೈರೋದಲ್ಲಿದ್ದ ಪ್ರಸಿದ್ಧ ಧರ್ಮಪಂಡಿತ ದಾವೀದ್ ಇಬ್ನ್ ಜಿಮ್ರಾ ಅವರಿಗೆ ಲಿಖಿತ ಪ್ರಶ್ನೆ ಹೋಗಿತ್ತು. ಶಾಸ್ತ್ರೋಕ್ತವಾಗಿ ಸ್ನಾನವಿಧಿ ನಡೆದ ಮೇಲೆ ಇವರು ಯೆಹೂದಿಗಳೇ, ಇವರೊಡನೆ ವಿವಾಹ ಸಂಬಂಧಕ್ಕೂ ಅಡ್ಡಿಯಿಲ್ಲ ಎಂಬ ಉತ್ತರವೂ ಬಂದಿತ್ತು. ಆದರೆ ಆ ತೀರ್ಪು ಜಾರಿಯಾಗಲಿಲ್ಲ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ವಾದಿಯ ಪರವಾಗಿ ಹುಕುಮನಾಮೆ, ಅಂದರೆ ಡಿಕ್ರಿ, ಆಗಿದೆ, ಅದನ್ನು ಜಾರಿ ಮಾಡಿಸಲು ದರಖಾಸ್ತು ಹಾಕುವವರಿಲ್ಲ; ಹಾಕಿದರೂ ಜಾರಿ ಮಾಡುವ ಬೇಲೀಫ ಹೋಗುವುದಿಲ್ಲ. ಅಂಥ ಹುಕುಮನಾಮೆಗಳನ್ನು ನಾನು ದಫ್ತರ ಖಾನೆಯಲ್ಲಿ ಧೂಳು ಹೊಡೆದು ನೋಡಿದ್ದೇನೆ. ಗೆದ್ದವನ ಮೊಮ್ಮಗ ಬಂದು, ಅಜ್ಜ ಗೆದ್ದದ್ದು ನಿಜವೇ ಎಂದು ನಕಲು ಕೇಳಿದ್ದನ್ನೂ ಕಂಡಿದ್ದೇನೆ. ಸೇಲಂ ಮಾಡಿದ್ದು ನಾಲ್ಕು ನೂರು ವರ್ಷ ಹಳೆಯ ಹುಕುಮನಾಮೆಯ ಮೇಲೆ ದರಖಾಸ್ತು ಹಾಕುವ ಕೆಲಸ ಎಂದು ನನಗೆ ಅರ್ಥವಾಯಿತು. ಉಪನ್ಯಾಸಕರು ಹೀಗೆ ಹೇಳಲಿಲ್ಲ, ಇದು ನನ್ನ ಓದು; ಆದರೆ ಹೀಗೆ ಓದಿಕೊಳ್ಳುವಷ್ಟು ಸಾಮಗ್ರಿಯನ್ನು ಅವರು ಮುಂದಿಟ್ಟರು, ಅದಕ್ಕಾಗಿ ಅವರಿಗೆ ಕೃತಜ್ಞ.

ಬೇಲೀಫನಿಲ್ಲದ ದರಖಾಸ್ತನ್ನು ಜಾರಿ ಮಾಡಿಸುವುದು ಹೇಗೆ? ಕೊಚ್ಚಿಯಿಂದ ಹೆಚ್ಚು ದೂರವಿಲ್ಲದ ವೈಕಂನಲ್ಲಿ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆದಾಡುವ ಹಕ್ಕಿಗಾಗಿ 1924 ಮತ್ತು 1925ರಲ್ಲಿ ಸತ್ಯಾಗ್ರಹ ನಡೆದಿತ್ತು. ಸೇಲಂ ಆ ವಿಧಾನವನ್ನು ಯೆಹೂದಿ ಬೀದಿಗೆ ತಂದರು: ಕೆಲಕಾಲ ಪ್ರಾರ್ಥನಾಲಯವನ್ನೇ ಬಹಿಷ್ಕರಿಸಿದರು, ಅಹಿಂಸೆಯಿಂದ ಪ್ರತಿಭಟಿಸಿದರು, ಗಂಡುಮಕ್ಕಳನ್ನೂ ಅದೇ ಹಟದಲ್ಲಿ ಬೆಳೆಸಿದರು. ಹಂತ ಹಂತವಾಗಿ ಪೀಠವೂ ತೋರಾ ಓದುವ ಹಕ್ಕೂ ಸಿಕ್ಕವು. 1930ರ ದಶಕದ ನಡುವಿನ ಹೊತ್ತಿಗೆ ಹಳೆಯ ಕಟ್ಟಳೆಗಳಲ್ಲಿ ಹಲವು ಸಡಿಲಗೊಂಡಿದ್ದವು. ಮದುವೆಯ ಗೋಡೆ ಮಾತ್ರ ಇನ್ನೂ ಹಲವು ವರ್ಷ ನಿಂತೇ ಇತ್ತು. ಈ ನಡುವೆ, 1929ರಲ್ಲಿ, ತಮ್ಮನ್ನು ಒಳಗೆ ಕೂರಿಸದ ಆ ಪ್ರಾರ್ಥನಾಲಯದ ಬಗ್ಗೆಯೇ ಸೇಲಂ ಒಂದು ಪುಸ್ತಕ ಬರೆದು ಪ್ರಕಟಿಸಿದ್ದರು ಎಂಬ ಸಂಗತಿಯನ್ನು ಉಪನ್ಯಾಸಕರು ಹೋಗುತ್ತ ಹೋಗುತ್ತ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಸೊಲೊಮನ್ನನ ನವಿಲಿಗೆ ಕೊಟ್ಟ ಅರ್ಧ ಗಂಟೆಯಲ್ಲಿ ಹತ್ತು ನಿಮಿಷವನ್ನಾದರೂ ಇದಕ್ಕೆ ಕೊಡಬೇಕಿತ್ತು.

ಇಲ್ಲಿಯೇ ಸಭೆಯಿಂದ ಒಂದು ಪ್ರಶ್ನೆ ಬಂತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ನಾವೆಲ್ಲ ಅಕ್ಕೋರು ಎನ್ನುವವರು, ಎದ್ದು ನಿಂತು, "ಸರ, ಆ ಪರದೇಶಿ ಮಂದಿ ಒಳಗ ಬಿಡಲಿಲ್ಲಂದ್ರ ಬ್ಯಾರೆ ಒಂದು ಕಟ್ಟಿಸ್ಕೊಬೇಕಿತ್ತು. ಓದಿದ ಮನಶ್ಯಾ, ವಕೀಲಾ, ರೊಕ್ಕಾ ಕೂಡಿಸೋದು ಏನ್ ದೊಡ್ಡದಿತ್ತು?" ಎಂದರು. ಉಪನ್ಯಾಸಕರು ಉತ್ತರಿಸುವ ಮೊದಲೇ ನನ್ನ ಪಕ್ಕದ ಹಿರಿಯ ವಕೀಲರು, "ಅಕ್ಕೋರ, ಪಾಲು ಕೇಳಿ ವಾಟ್ನಿ ದಾವೆ ಹಾಕಿದಾಂವ ಮನಿ ಬಿಟ್ಟು ಬಾಡಗಿ ಮನಿಗೆ ಹೋದ್ರ ಕಬ್ಜಾ ಹೋತ್ರೀ. ಹೊರಗಿನ ಕಟ್ಟಿ ಆದ್ರೂ ಬಿಡಬಾರದು" ಎಂದುಬಿಟ್ಟರು. ಸಭೆ ನಕ್ಕಿತು. ಅಕ್ಕೋರು ಬಿಡಲಿಲ್ಲ: "ಹಂಗಾರ ಬಹಿಷ್ಕಾರ ಯಾಕ ಹಾಕಿದ್ರು? ಅದೂ ಮನಿ ಬಿಟ್ಟಂಗ ಅಲ್ಲೇನ್ರೀ?" ಇದಕ್ಕೆ ಉಪನ್ಯಾಸಕರು ಕೊಟ್ಟ ಉತ್ತರ ಅಂದಿನ ಸಂಜೆಯ ಅತ್ಯುತ್ತಮ ಭಾಗ. ಯೆಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕ ಗಂಡಸರ ಹಾಜರಿ ಬೇಕು, ಹತ್ತಾಗದಿದ್ದರೆ ತೋರಾವನ್ನು ಹೊರತೆಗೆದು ಓದುವಂತಿಲ್ಲ. ಇಂಥ ಕೋರಂ ಇರುವ ಧರ್ಮದಲ್ಲಿ ಹೋಗುವುದಕ್ಕೂ ಹೋಗದಿರುವುದಕ್ಕೂ ಎರಡಕ್ಕೂ ಬೆಲೆಯಿದೆ, ಏಕೆಂದರೆ ಒಬ್ಬ ಮನುಷ್ಯನ ಗೈರುಹಾಜರಿಯನ್ನು ಉಳಿದವರು ಎಣಿಸಲೇಬೇಕಾಗುತ್ತದೆ ಎಂದು ಅವರು ವಿವರಿಸಿದರು. ಒಂದು ಮುದ್ದತಿಗೆ, ಅಂದರೆ ವಿಚಾರಣೆಯ ಒಂದು ತಾರೀಖಿಗೆ, ಗೈರುಹಾಜರಾಗುವುದಕ್ಕೂ ದಾವೆಯನ್ನು ವಾಪಸು ಪಡೆಯುವುದಕ್ಕೂ ಇರುವ ವ್ಯತ್ಯಾಸ ನಮ್ಮ ಸಾಲಿನಲ್ಲಿದ್ದವರಿಗೆಲ್ಲ ತಟ್ಟನೆ ಹೊಳೆಯಿತು.

ಈಗ ತಕರಾರಿನ ವಿಷಯ. ಭಿತ್ತಿಪತ್ರದಲ್ಲಿ, ಕಿರುಹೊತ್ತಿಗೆಯ ಮುಖಪುಟದಲ್ಲಿ, ಪರಿಚಯ ಭಾಷಣದಲ್ಲಿ, ಎಲ್ಲ ಕಡೆಯೂ 'ಯೆಹೂದಿ ಗಾಂಧಿ' ಎಂಬ ಬಿರುದೇ ಮೆರೆಯಿತು. ಸೇಲಂ ಅವರನ್ನು ಜನ ಹಾಗೆ ಕರೆದದ್ದು ನಿಜ. ಆದರೆ ಒಬ್ಬ ಮನುಷ್ಯನನ್ನು ಇನ್ನೊಬ್ಬರ ಹೆಸರಿನಿಂದ ಪರಿಚಯಿಸಿದಾಗ, ಕೇಳುವವರು ಆ ಇನ್ನೊಬ್ಬರ ಬಗ್ಗೆ ತಮಗೆ ತಿಳಿದದ್ದನ್ನೇ ಇವರ ಮೇಲೆ ಹೊದಿಸಿ ಸುಮ್ಮನಾಗುತ್ತಾರೆ. ಗಾಂಧೀಜಿಯವರೂ ವಕೀಲರೇ ಆಗಿದ್ದರು, ಆ ಜಾಡು ಹಿಡಿದು ಬಿರುದನ್ನು ಬಿಡಿಸಿ ನೋಡಿದ್ದರೆ ಏನಾದರೂ ದಕ್ಕುತ್ತಿತ್ತು, ಅದೂ ಆಗಲಿಲ್ಲ. ಮೇಲಾಗಿ ಪರಿಚಯ ಭಾಷಣ ಮಾಡಿದವರು ಬಸವಣ್ಣನವರ ಹೋಲಿಕೆಯನ್ನು ಮೂರು ಸಲ ತಂದರು. ನಮ್ಮ ಕಡೆ ಯಾವ ಸಮಾಜ ಸುಧಾರಕರ ಬಗ್ಗೆ ಮಾತು ಬಂದರೂ ಗಾಡಿ ಕೂಡಲಸಂಗಮದ ಕಡೆಗೇ ಹೊರಳುವುದು ವಾಡಿಕೆಯಾಗಿಬಿಟ್ಟಿದೆ. ಕೇಳುವವರಿಗೆ ಹಿತವಾಗುತ್ತದೆ, ಆದರೆ ಕೊಚ್ಚಿಯ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ರಾಜಕೀಯ ಜೀವನದ ಭಾಗ ಅಚ್ಚುಕಟ್ಟಾಗಿತ್ತು. ಕೊಚ್ಚಿ ಸಂಸ್ಥಾನದ ಶಾಸನ ಪರಿಷತ್ತು ಅಸ್ತಿತ್ವಕ್ಕೆ ಬಂದ 1925ರಿಂದ 1931ರವರೆಗೆ, ಪುನಃ 1939ರಿಂದ 1945ರವರೆಗೆ ಸೇಲಂ ಅದರ ಸದಸ್ಯರಾಗಿದ್ದರು. ಕಾರ್ಮಿಕ ಸಂಘಟನೆಗಳ ಬೆನ್ನಿಗೆ ನಿಂತರು. 1929ರ ಕೊನೆಯಲ್ಲಿ ಲಾಹೋರಿಗೆ ಹೋಗಿ, ಪೂರ್ಣ ಸ್ವರಾಜ್ಯದ ನಿರ್ಣಯವಾದ ಕಾಂಗ್ರೆಸ್ ಅಧಿವೇಶನದಲ್ಲಿ ಪಾಲ್ಗೊಂಡರು. ಒಬ್ಬ ಸಂಸ್ಥಾನಿಕರ ಪ್ರಜೆ ಲಾಹೋರಿಗೆ ಹೋದದ್ದರ ಅರ್ಥವನ್ನು ಉಪನ್ಯಾಸಕರು ನಮ್ಮ ನೆಲಕ್ಕೆ ತಂದು ಹೇಳಿದ್ದು ಮೆಚ್ಚಬೇಕಾದದ್ದು. ಬೆಳಗಾವಿ ನೇರವಾಗಿ ಬ್ರಿಟಿಷರ ಮುಂಬೈ ಇಲಾಖೆಯಲ್ಲಿದ್ದರೆ ಸುತ್ತಲಿನ ರಾಮದುರ್ಗ, ಜಮಖಂಡಿ, ಮುಧೋಳಗಳಲ್ಲಿ ರಾಜರಿದ್ದರು. ಸಂಸ್ಥಾನಗಳ ಒಳಗಿನ ಹೋರಾಟವನ್ನು ಕಾಂಗ್ರೆಸ್ಸು ಬಹಳ ಕಾಲ ದೂರದಿಂದಲೇ ನೋಡಿತು. ಆದ್ದರಿಂದ ಕೊಚ್ಚಿಯವರಿಗೂ ಜಮಖಂಡಿಯವರಿಗೂ ಸ್ವಾತಂತ್ರ್ಯವೆಂದರೆ ಎರಡು ಬಾಗಿಲು ದಾಟುವ ಕೆಲಸವಾಗಿತ್ತು, ಒಂದು ಅರಮನೆಯದು, ಇನ್ನೊಂದು ಇಂಗ್ಲಿಷರದು. ಸೇಲಂ ಅವರಿಗೆ ಮೂರನೆಯದೊಂದೂ ಇತ್ತಲ್ಲ ಎಂದು ನನ್ನ ಪಕ್ಕದವರು ಪಿಸುಗುಟ್ಟಿದರು. ಸಭಾಗೃಹದಿಂದ ಹತ್ತು ನಿಮಿಷ ನಡೆದರೆ ಕಾಂಗ್ರೆಸ್ ಬಾವಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಏಕೈಕ ಅಧಿವೇಶನ ನಡೆದ ಜಾಗ, ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಓಡಾಡಿ ನಿಲ್ಲಿಸಿದ ಅಧಿವೇಶನ. ಬಾವಿಯ ಪಕ್ಕದಲ್ಲಿ ದಿನವೂ ವಾಯುವಿಹಾರ ಮಾಡುವ ನಾವು ಬೆಳಗಾವಿಯಿಂದ ಲಾಹೋರಿನವರೆಗಿನ ಐದು ವರ್ಷಗಳನ್ನು ಒಂದೇ ಗೆರೆಯಲ್ಲಿ ನೋಡಿರಲಿಲ್ಲ.

ಇನ್ನು ಕೊನೆಯ ಭಾಗ. ಎಂಟೂ ಹತ್ತಕ್ಕೆ ಕಾವಲುಗಾರ ಬಂದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ. ಸೇಲಂ ಅವರ ಬದುಕಿನ ಅತ್ಯಂತ ಕಠಿಣ ಘಟ್ಟ ಆಗಷ್ಟೇ ಶುರುವಾಗಿತ್ತು. ಭಾರತದ ಸ್ವಾತಂತ್ರ್ಯಕ್ಕೆ ದುಡಿದ ಇವರು 1930ರ ದಶಕದಲ್ಲಿ ಪ್ಯಾಲೆಸ್ಟೈನಿಗೆ ಹೋಗಿ ಬಂದು, ಯೆಹೂದಿಗಳಿಗೆ ಅಲ್ಲಿ ತಮ್ಮದೇ ನಾಡು ಬೇಕೆನ್ನುವ ಜಿಯೋನ್ ಚಳವಳಿಯತ್ತ ಒಲಿದರು. 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾಯಿತು, 1950ರಲ್ಲಿ ಭಾರತ ಅದನ್ನು ಮಾನ್ಯ ಮಾಡಿತು. ಕೊಚ್ಚಿಯ ಯೆಹೂದಿಗಳು ಹೋಗಲು ಸಿದ್ಧರಾದಾಗ ಆನೆಕಾಲು ರೋಗದ ಭಯದಿಂದ ಇಸ್ರೇಲಿನ ಅಧಿಕಾರಿಗಳು ಹಿಂದೆಮುಂದೆ ನೋಡಿದರು. ಸೇಲಂ ಅಲ್ಲಿಗೆ ಹೋಗಿ ತಮ್ಮವರ ಪರವಾಗಿ ಮಾತಾಡಿದರು. 1955ರ ಹೊತ್ತಿಗೆ ಬಹುಪಾಲು ಜನ ಹೋಗಿಯೇಬಿಟ್ಟರು; ನೆಗೆವ್ ಮರುಭೂಮಿಯ ನೆವಾತಿಂನಂಥ ಹಳ್ಳಿಗಳಲ್ಲಿ ಬೇಸಾಯಕ್ಕಿಳಿದರು. ಸೇಲಂ ಮಾತ್ರ ಕೊಚ್ಚಿಯಲ್ಲಿಯೇ ಉಳಿದು 1967ರಲ್ಲಿ ತೀರಿಕೊಂಡರು. ಎಲ್ಲರಿಗೂ ವಕಾಲತ್ತು ಹಾಕಿ ಹಡಗು ಹತ್ತಿಸಿದವರು ತಾವೇಕೆ ಹತ್ತಲಿಲ್ಲ? ಪೂರ್ಣ ಸ್ವರಾಜ್ಯಕ್ಕೆ ಕೈ ಎತ್ತಿದ ಮೇಲೆ ತಮ್ಮವರಿಗೆ ಬೇರೆ ದೇಶವನ್ನು ಹುಡುಕಿದ್ದನ್ನು ಅವರು ತಮ್ಮೊಳಗೆ ಹೇಗೆ ಹೊಂದಿಸಿಕೊಂಡರು? ಅಲ್ಲಿ ಮೊದಲೇ ಇದ್ದ ಅರಬ್ಬರ ಮಾತೇನು? ಸಭೆಯಲ್ಲಿ ನಾಲ್ಕು ಕೈ ಮೇಲೆದ್ದಿದ್ದವು. ಉಪನ್ಯಾಸಕರು ಗಡಿಯಾರ ನೋಡಿ, ಹತ್ತು ನಿಮಿಷದಲ್ಲಿ ಹನ್ನೆರಡು ಚಿತ್ರಗಳನ್ನು ಓಡಿಸಿ ಮುಗಿಸಿದರು. ನಕ್ಷತ್ರಕ್ಕೆ ಕಾಯ್ದ ಒಂದು ತಾಸು ಇಲ್ಲಿ ಬಡ್ಡಿಸಮೇತ ವಸೂಲಾಯಿತು. ಈ ಸೇವೆಗೆ ನಾನು ಕೊಡುವ ದೊಡ್ಡ ಕಡಿತವೆಂದರೆ ಇದಕ್ಕೇ.

ಓಡಿಸಿದ ಚಿತ್ರಗಳಲ್ಲಿ ಒಂದು ಅಂಚೆಚೀಟಿ ಇತ್ತು. ಪರದೇಶಿ ಪ್ರಾರ್ಥನಾಲಯಕ್ಕೆ ನಾಲ್ಕು ನೂರು ವರ್ಷ ತುಂಬಿದಾಗ, 1968ರ ಡಿಸೆಂಬರಿನಲ್ಲಿ, ಪ್ರಧಾನಿ ಇಂದಿರಾ ಗಾಂಧಿಯವರು ಮಟ್ಟಾಂಚೇರಿಗೆ ಬಂದಿದ್ದರು, ಅಂಚೆ ಇಲಾಖೆ ಒಂದು ಚೀಟಿಯನ್ನು ಹೊರತಂದಿತು. ನೀಲಿ ಬಿಳಿ ಬಣ್ಣದ ಚೀನೀ ಹಂಚುಗಳನ್ನು ಹಾಸಿದ ನೆಲದ ಮೇಲೆ, ಕೇರಳದ ವಾಡಿಕೆಯಂತೆ ಚಪ್ಪಲಿ ಕಳಚಿ ನಡೆಯುವ ಆ ಒಳಾಂಗಣದ ಚಿತ್ರವನ್ನು ಕಿರುಹೊತ್ತಿಗೆಯಲ್ಲಿಯೂ ಹಾಕಿದ್ದಾರೆ. ಒಂದು ವರ್ಷದ ಅಂತರದಲ್ಲಿ ಸೇಲಂ ಅದನ್ನು ತಪ್ಪಿಸಿಕೊಂಡರು.

ಕಿರುಹೊತ್ತಿಗೆಯ ಬಗ್ಗೆ ನಾಲ್ಕು ಮಾತು. ಇಪ್ಪತ್ತೆಂಟು ಪುಟ, ಕಾಗದ ಒಳ್ಳೆಯದು, ಅಕ್ಷರ ನಮ್ಮ ವಯಸ್ಸಿನವರಿಗೂ ಕಾಣುವಷ್ಟು ದಪ್ಪ. ಭಾಷೆ ಮಾತ್ರ ಎರಡು ಕೈಗಳದ್ದು. ಉಪನ್ಯಾಸಕರು ತಾವೇ ಬರೆದ ಪುಟಗಳಲ್ಲಿ ಕನ್ನಡ ನೆಟ್ಟಗೆ ನಡೆಯುತ್ತದೆ. ಉಳಿದದ್ದು ಯಾರೋ ಯಂತ್ರದಿಂದ ಅನುವಾದಿಸಿ ತಂದದ್ದೆಂದು ಮೇಲ್ನೋಟಕ್ಕೇ ತಿಳಿಯುತ್ತದೆ. 'ಪ್ರಾರ್ಥನಾಲಯ' ಒಂದು ಪುಟದಲ್ಲಿದ್ದರೆ ಮುಂದಿನ ಪುಟದಲ್ಲಿ ಅದು 'ಸಿನಗಾಗ್', ಅದರ ಮುಂದಿನದರಲ್ಲಿ 'ಯೆಹೂದಿ ಚರ್ಚು'. ಮಲಬಾರಿಗಳನ್ನೂ ಮೆಶುಹ್ರಾರಿಂ ಗುಂಪನ್ನೂ ಒಂದು ಕಡೆ ಒಂದೇ ಎಂಬಂತೆ ಬರೆದಿದ್ದಾರೆ; ಉಪನ್ಯಾಸದ ತಿರುಳೇ ಇವೆರಡರ ವ್ಯತ್ಯಾಸವಾಗಿರುವಾಗ ಇದು ಅಕ್ಷಮ್ಯ. ಸೇಲಂ ದಿನಚರಿ ಬರೆಯುತ್ತಿದ್ದರು ಎಂಬ ಸಂಗತಿ ಅಡಿಬರಹದಲ್ಲಿ ಹೋಗಿ ಕೂತಿದೆ, ಮುಖಪುಟದ ಹಿಂಬದಿಯಲ್ಲಿ ಮಾತ್ರ ಸಂಘಟಕರ ಭಾವಚಿತ್ರಗಳು ಢಾಳಾಗಿವೆ. ನಾನು ಹಳೆಯ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತ ಹೋದೆ, ಒಟ್ಟು ಹದಿನೇಳು ತಪ್ಪುಗಳಾದವು. ಮುಂದಿನ ವಾರ ಅದನ್ನು ವಾಚನಾಲಯಕ್ಕೆ ಕೊಟ್ಟು ಬಂದೆ. ನಡೆಸುವ ಹುಡುಗ ಮುಖ ಸಣ್ಣದು ಮಾಡಲಿಲ್ಲ, "ಕಾಕಾ, ಎರಡನೆ ಮುದ್ರಣಕ್ಕ ನಿಮ್ಮ ಕಡೆನ ತೋರಿಸ್ತೀವ್ರೀ" ಎಂದು ಹೇಳಿ ನನಗೊಂದು ಹೊಸ ಪ್ರತಿ ಕೊಟ್ಟ.

ಉಳಿದ ವ್ಯವಸ್ಥೆಗಳು ಸಾಧಾರಣ. ಫೋನಿನಲ್ಲಿ ಜಾಗ ಕಾಯ್ದಿರಿಸಬಹುದು, ರಶೀದಿ ತಕ್ಷಣ ಕೊಡುತ್ತಾರೆ, ಒಂದು ಸಂಜೆ ತಪ್ಪಿದರೆ ಹಣ ವಾಪಸಿಲ್ಲ ಎಂಬುದನ್ನು ಮೊದಲೇ ಹೇಳುತ್ತಾರೆ. ಧ್ವನಿವರ್ಧಕ ಮೊದಲ ಅರ್ಧ ಗಂಟೆ ಕಿರುಚುತ್ತಿತ್ತು, ಆಮೇಲೆ ಅದನ್ನು ಆರಿಸಿದ ಮೇಲೆಯೇ ಚೆನ್ನಾಗಿ ಕೇಳಿಸಿತು. ಗಿರ್ಮಿಟ್ಟು ಬಿಸಿಯಾಗಿತ್ತು, ಆದರೆ ಕಾಯುತ್ತ ಕುಳಿತ ಹೊತ್ತಿನಲ್ಲಿಯೇ ಎಲ್ಲ ಖಾಲಿಯಾಗಿ ತಡವಾಗಿ ಬಂದವರಿಗೆ ಚಹಾ ಮಾತ್ರ ಸಿಕ್ಕಿತು. ಎರಡನೆಯ ಅಂತಸ್ತಿಗೆ ಮೆಟ್ಟಿಲುಗಳೇ ಗತಿ. ಮೊಣಕಾಲು ನೋವಿನವರು ನಡುವಿನ ತಿರುವಿನಲ್ಲಿ ಕುಳಿತು ದಣಿವಾರಿಸಿಕೊಳ್ಳಬೇಕಾಗುತ್ತದೆ.

ಶುಲ್ಕ ಹೆಚ್ಚೇನಲ್ಲ. ಮುಂದಿನ ಮಾಲಿಕೆಗೆ ನಾನು ಮತ್ತು ನನ್ನ ಅಣ್ಣನ ಮಗ, ಅವನೂ ಹೊಸದಾಗಿ ಸನದು ಪಡೆದ ವಕೀಲ, ಇಬ್ಬರೂ ಹೆಸರು ಕೊಟ್ಟಿದ್ದೇವೆ. ಸೇಲಂ ಉಪನ್ಯಾಸದ ಉಳಿದ ಭಾಗವನ್ನು ಪ್ರತ್ಯೇಕವಾಗಿ ಒಂದು ಸಂಜೆ ಇಟ್ಟುಕೊಳ್ಳಬೇಕೆಂದು ನಲವತ್ತರಲ್ಲಿ ಮೂವತ್ತೊಂದು ಜನ ಸಹಿ ಮಾಡಿದ ಅರ್ಜಿಯೊಂದನ್ನು ಅಕ್ಕೋರು ಬರೆದುಕೊಟ್ಟಿದ್ದಾರೆ. ಭಾನುವಾರ ಇಟ್ಟುಕೊಂಡರೆ ನಕ್ಷತ್ರಕ್ಕೆ ಕಾಯುವ ತಾಪತ್ರಯವಿರುವುದಿಲ್ಲ ಎಂದು ಅದರ ಕೊನೆಯ ಸಾಲಿನಲ್ಲಿದೆ.